ಬಳ್ಳಿಯಿಲ್ಲದೆ ವೆನಿಲ್ಲಾ ಬೆಳೆಯುವ ಕ್ರಮ: ಮಾಜಿ ಬೆಳೆಗಾರರಿಗೊಂದು ಕೈಪಿಡಿ

ಬಳಸುವ ಮೊದಲು ಓದಿ

ಈ ಕೈಪಿಡಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮಾಜಿ ವೆನಿಲ್ಲಾ ಬೆಳೆಗಾರರಿಗಾಗಿ. ಮಾಜಿ ಶಾಸಕರಿಗಿಂತ ಇವರ ಸಂಖ್ಯೆ ಎಷ್ಟೋ ಹೆಚ್ಚು, ಪಿಂಚಣಿ ಮಾತ್ರ ಇಲ್ಲ. 2003ರ ಹೊತ್ತಿಗೆ ಹಸಿ ಕೋಡಿನ ಬೆಲೆ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿದ್ದನ್ನು ಕಣ್ಣಾರೆ ಕಂಡವರು ಇವರು. ಬಳ್ಳಿಯ ತುಂಡನ್ನು ಮೀಟರ್ ಲೆಕ್ಕದಲ್ಲಿ ಕೊಂಡವರು. ಬೆಳಗ್ಗೆ ಬೇಗ ಎದ್ದು ಹಿಡಿಸೂಡಿ ಕಡ್ಡಿಯಿಂದ ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡಿಸಿದವರು. ಯಾಕೆಂದರೆ ಆ ಹೂವು ಅರಳುವುದು ಒಂದೇ ದಿನ, ಮಧ್ಯಾಹ್ನದ ಮೇಲೆ ಅದಕ್ಕೆ ಆಸಕ್ತಿಯಿಲ್ಲ. ಆಮೇಲೆ ಎಂಟೊಂಬತ್ತು ತಿಂಗಳು ಕೋಡು ಬಲಿಯುವವರೆಗೆ ಟಾರ್ಚು ಹಿಡಿದು, ನಾಯಿ ಕಟ್ಟಿ, ತೋಟದಲ್ಲಿ ರಾತ್ರಿ ಕಾವಲು ಕೂತವರು. ಕೆಲವೇ ವರ್ಷಗಳಲ್ಲಿ ಅದೇ ಕೋಡಿಗೆ ನೂರು ರೂಪಾಯಿ ಹುಟ್ಟುವುದೂ ಕಷ್ಟವಾಯಿತು. ಉಳಿದ ಬಳ್ಳಿಯನ್ನು ಬುಡ ಕೊಳೆಯುವ ರೋಗ ತಿಂದಿತು.

ಆ ಬೆಲೆ ನಮ್ಮ ಮಣ್ಣಿನ ಗುಣದಿಂದ ಬಂದದ್ದಲ್ಲ. 2000ದ ಏಪ್ರಿಲಿನಲ್ಲಿ ಹುಡಾ ಎಂಬ ಚಂಡಮಾರುತ ಮಡಗಾಸ್ಕರಿನ ವೆನಿಲ್ಲಾ ಸೀಮೆಗೆ ಬಡಿಯಿತು, 2002ರಲ್ಲಿ ಆ ದೇಶದ ರಾಜಕೀಯ ಕೆಟ್ಟಿತು. ಅಲ್ಲಿ ಬಿದ್ದ ಬಳ್ಳಿಗೆ ಇಲ್ಲಿ ಬೆಲೆ ಏರಿತು. ಬೆಲೆ ಏರಿದ್ದೇ ತಡ, ಜಗತ್ತಿನ ಐಸ್‌ಕ್ರೀಮ್, ಬಿಸ್ಕತ್ತು ತಯಾರಕರು ಅದೇ ಪರಿಮಳ ಕೊಡುವ ಕಾರ್ಖಾನೆಯ ವೆನಿಲಿನ್ ಕಡೆ ತಿರುಗಿದರು. ಮಡಗಾಸ್ಕರಿನಲ್ಲಿ ಬಳ್ಳಿ ಮತ್ತೆ ಚಿಗುರಿದಾಗ ಕೊಳ್ಳುವವರು ಹಿಂದಿನಷ್ಟು ಉಳಿದಿರಲಿಲ್ಲ.

ಆದದ್ದು ಆಯಿತು. ಈ ಸಲ ಬಳ್ಳಿಯ ಗೊಡವೆಯೇ ಬೇಡ. ಕೊನೆ ಕೊಯ್ಯಲು ಜನ ಸಿಗದ ಊರಿನಲ್ಲಿ, ಕಂಬಳಕ್ಕೂ ಕೋಲಕ್ಕೂ ರಜೆ ಕೇಳದ, ನಾಲ್ಕು ಗಂಟೆಗೆ ಚಹಾ ಕೇಳದ, ಕೆಲವೇ ಗಂಟೆಗಳಲ್ಲಿ ತಾವೇ ದುಪ್ಪಟ್ಟಾಗುವ ಕೆಲಸದವರನ್ನು ಇಟ್ಟುಕೊಳ್ಳುವುದು ಹೇಗೆ ಎಂದು ಮುಂದೆ ವಿವರಿಸಲಾಗಿದೆ. ಸೂಚನೆಗಳನ್ನು ಕ್ರಮವಾಗಿ ಪಾಲಿಸಿ. ನಡುವೆ ಬಿಟ್ಟರೆ ಕಂಪೆನಿ ಹೊಣೆಯಲ್ಲ. ಪೂರ್ತಿ ಪಾಲಿಸಿದರೂ ಹೊಣೆಯಲ್ಲ.

ಹಂತ 1: ಮಾಡಬೇಕಾದ್ದು ಏನೆಂದು ತಿಳಿಯುವುದು

ಹಸಿ ಕೋಡಿಗೆ ಪರಿಮಳವಿಲ್ಲ. ಬೆಳೆದವರಿಗೆ ಇದು ಗೊತ್ತು. ವೆನಿಲಿನ್ ಎಂಬ ಅಣು ಅದರೊಳಗೆ ಒಂದು ಗ್ಲುಕೋಸಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಕೋಡನ್ನು ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ತಿಂಗಳುಗಟ್ಟಲೆ ಹದ ಮಾಡುವಾಗ ಕೋಡಿನದೇ ಒಂದು ಕಿಣ್ವ ಆ ಅಂಟನ್ನು ಬಿಡಿಸುತ್ತದೆ, ಪರಿಮಳ ಹೊರಡುತ್ತದೆ. ಐದಾರು ಕಿಲೋ ಹಸಿ ಕೋಡು ಒಣಗಿ ಒಂದು ಕಿಲೋ ಆಗುತ್ತದೆ, ಅದರಲ್ಲಿ ವೆನಿಲಿನ್ ನೂರಕ್ಕೆ ಎರಡು ಪಾಲು. ಅಂದರೆ ಒಂದು ಕಿಲೋ ವೆನಿಲಿನ್ ಬೇಕಾದರೆ ಹಸಿ ಕೋಡು 250ರಿಂದ 300 ಕಿಲೋ ಬೇಕು. ಅಷ್ಟು ಕೋಡಿಗೆ ಎಷ್ಟು ಹೂವು, ಎಷ್ಟು ಬೆಳಗು ಎಂಬ ಲೆಕ್ಕ ನಿಮ್ಮ ಮನೆಯ ಹೆಂಗಸರ ಬಳಿ ಇದೆ. ಕಡ್ಡಿ ಹಿಡಿದವರು ಹೆಚ್ಚಾಗಿ ಅವರೇ.

ಇದೇ ಅಣುವನ್ನು ಬಳ್ಳಿಯ ಹಂಗಿಲ್ಲದೆ ಮಾಡಬಹುದೆಂದು ಜರ್ಮನಿಯ ತೀಮಾನ್ ಮತ್ತು ಹಾರ್ಮನ್ 1874ರಲ್ಲೇ ತೋರಿಸಿದ್ದರು. ಇವತ್ತು ಜಗತ್ತು ಬಳಸುವ ವೆನಿಲಿನ್‌ನಲ್ಲಿ ನೂರಕ್ಕೆ ಒಂದು ಪಾಲೂ ಬಳ್ಳಿಯಿಂದ ಬರುವುದಿಲ್ಲ. ಬಹುಪಾಲು ಗ್ವಾಯಕಾಲ್ ಎಂಬ ಪೆಟ್ರೋಲಿಯಂ ಮೂಲದ ರಾಸಾಯನಿಕದಿಂದ ಆದದ್ದು. ಇದು ತುಂಬ ಅಗ್ಗ. ಈ ಮಾತಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿಡಿ.

ಹಂತ 2: ಕೆಲಸದವರ ಆಯ್ಕೆ

ಸೂಕ್ಷ್ಮಾಣುಗಳನ್ನು ದುಡಿಸಿಕೊಳ್ಳುವುದು ನಮ್ಮೂರಿಗೆ ಹೊಸತೇನಲ್ಲ. ಕ್ರಿಶ್ಚಿಯನ್ ಮನೆಗಳ ಸನ್ನಕ್ಕೆ ಕಳ್ಳು ಹಾಕಿ ಹಿಟ್ಟು ಉಬ್ಬಿಸುವಾಗ ದುಡಿಯುವುದು ಯೀಸ್ಟ್. ಅಡಿಕೆ ನಡುವೆ ಬೆಳೆದ ಕೊಕ್ಕೋದ ಹಸಿ ಬೀಜವನ್ನು ನಾವು ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಹಾಕಿ ಚೀಟಿ ಹಿಡಿದು ಮನೆಗೆ ಬರುತ್ತೇವಲ್ಲ, ಆಮೇಲೆ ಅಲ್ಲಿ ನಡೆಯುವುದೂ ಇದೇ. ಬೀಜದ ಮೇಲಿನ ಬಿಳಿ ಲೋಳೆಯ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯ ಮಾಡುತ್ತದೆ. ಆ ಮದ್ಯವನ್ನು ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ವಿನೆಗರ್ ಹುಳಿಯಾಗಿ ಮಾಡುತ್ತದೆ. ರಾಶಿಯ ಶಾಖ 45–50 ಡಿಗ್ರಿಗೆ ಏರಿ ಬೀಜ ಸಾಯುತ್ತದೆ, ಒಳಗಿನ ಕಿಣ್ವಗಳು ಬಿಡುಗಡೆಯಾಗಿ ಚಾಕೊಲೇಟಿನ ರುಚಿಗೆ ಬುನಾದಿ ಬೀಳುತ್ತದೆ. ಈ ಕೆಲಸದವರಿಗೆ ಯಾರೂ ಜೀನು ತಿದ್ದಿಲ್ಲ. ತಲೆತಲಾಂತರದಿಂದ ಬಲ್ಲ ಕೆಲಸವನ್ನೇ ಮಾಡುತ್ತಾರೆ.

ವೆನಿಲಿನ್‌ಗೆ ಬೇಕಾದವರು ಬೇರೆ. ಎರಡು ತಂಡಗಳಿವೆ.

ಮೊದಲನೆಯ ತಂಡಕ್ಕೆ ಹೆಚ್ಚು ಕಲಿಸಬೇಕಾಗಿಲ್ಲ. ಅಕ್ಕಿಯ ತೌಡಿನಲ್ಲಿ ಫೆರುಲಿಕ್ ಆಮ್ಲ ಎಂಬುದೊಂದಿದೆ. ಮಣ್ಣಿನಲ್ಲಿ ಬದುಕುವ ಅಮೈಕೊಲಟಾಪ್ಸಿಸ್, ಸ್ಟ್ರೆಪ್ಟೊಮೈಸಿಸ್ ಜಾತಿಯ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತವೆ, ತಿನ್ನುವ ದಾರಿಯಲ್ಲಿ ವೆನಿಲಿನ್ ಬರುತ್ತದೆ. ಎರಡೇ ಕಿಣ್ವಗಳ ಕೆಲಸ: ಒಂದು ಆಮ್ಲಕ್ಕೆ ಹಿಡಿಕೆ ಹಾಕುತ್ತದೆ, ಇನ್ನೊಂದು ಎರಡು ಕಾರ್ಬನ್ ಕತ್ತರಿಸುತ್ತದೆ. ಲೀಟರಿಗೆ ಹತ್ತು ಗ್ರಾಮಿಗಿಂತ ಹೆಚ್ಚು ವೆನಿಲಿನ್ ಸಿಗುತ್ತದೆ. ಫ್ರಾನ್ಸಿನ ರೋಡಿಯಾ ಕಂಪೆನಿ ಈ ದಾರಿಯಲ್ಲಿ ವ್ಯಾಪಾರವನ್ನೇ ಕಟ್ಟಿತು. ಕುಚ್ಚಲಕ್ಕಿ ಮಿಲ್ಲಿನ ತೌಡನ್ನು ನಾವು ದನಕ್ಕೆ ಹಾಕಿದೆವು. ತೌಡು ಕುಟ್ಟುವವರನ್ನು ಕಂಡು ನಗುವ ಮೊದಲು ಇನ್ನು ಮುಂದೆ ಒಮ್ಮೆ ಯೋಚಿಸಬೇಕಾದೀತು.

ಒಂದೇ ಎಚ್ಚರಿಕೆ: ಈ ಬ್ಯಾಕ್ಟೀರಿಯಾಕ್ಕೆ ವೆನಿಲಿನ್ ಕೊನೆಯ ಊಟವಲ್ಲ, ನಡುವಿನ ತುತ್ತು. ಸುಮ್ಮನೆ ಬಿಟ್ಟರೆ ಅದನ್ನೂ ತಿಂದು ಮುಗಿಸುತ್ತದೆ. ಆದ್ದರಿಂದ ಮುಂದಿನ ತುತ್ತಿಗೆ ಕೈ ಹಾಕುವ ಕಿಣ್ವದ ಜೀನನ್ನು ಕಿತ್ತು ಹಾಕಬೇಕು. ಕೆಲಸದವರ ಬುತ್ತಿ ಕಸಿದು ಮಾರುವ ಧಂದೆ ಇದು. ಮನಸ್ಸು ಒಪ್ಪದವರು ಅಡಿಕೆ ಸುಲಿಯುವುದಕ್ಕೆ ಮರಳಬಹುದು.

ಹಂತ 3: ಯೀಸ್ಟಿಗೆ ಬಾರದ ಕೆಲಸ ಕಲಿಸುವುದು

ಎರಡನೆಯ ತಂಡ ತೌಡೂ ಇಲ್ಲದೆ ಬರೀ ಸಕ್ಕರೆಯಿಂದ ವೆನಿಲಿನ್ ಮಾಡುತ್ತದೆ. 2009ರಲ್ಲಿ ಯೋರ್ಗನ್ ಹಾನ್ಸನ್ ಮತ್ತು ಸಂಗಡಿಗರು ಯೀಸ್ಟಿಗೆ ಇದನ್ನು ಕಲಿಸಿದರು. ಕೈಪಿಡಿಯ ಅತ್ಯಂತ ರಸವತ್ತಾದ ಭಾಗ ಇದು, ನಿಧಾನ ಓದಿ.

ಯೀಸ್ಟ್ ತನಗೆ ಬೇಕಾದ ಕೆಲವು ಅಮೈನೋ ಆಮ್ಲಗಳನ್ನು ಸಕ್ಕರೆಯಿಂದ ತಾನೇ ಮಾಡಿಕೊಳ್ಳುತ್ತದೆ. ಆ ದಾರಿಯಲ್ಲಿ ಹುಟ್ಟುವ ಒಂದು ಅಣುವನ್ನು ನಡುವಿನಲ್ಲೇ ಅಡ್ಡಗಟ್ಟಿ ಬೇರೆ ಕವಲಿಗೆ ತಿರುಗಿಸಬೇಕು. ತಿರುಗಿಸುವ ಕಿಣ್ವದ ಜೀನು ತಂದದ್ದು ಪೊಡೊಸ್ಪೊರಾ ಎಂಬ ಬೂಷ್ಟಿನಿಂದ. ಅದು ಬೆಳೆಯುವುದು ಸಗಣಿಯ ಮೇಲೆ. ಎರಡನೆಯ ಕಿಣ್ವ ನೊಕಾರ್ಡಿಯಾ ಎಂಬ ಮಣ್ಣಿನ ಬ್ಯಾಕ್ಟೀರಿಯಾದ್ದು. ಮೂರನೆಯ ಕಿಣ್ವದ ಜೀನು ಮನುಷ್ಯನದು. ಹೌದು, ಮನುಷ್ಯನದೇ. ನಮ್ಮ ಮೈಯಲ್ಲಿ ಅದರ ಕೆಲಸ ಅಡ್ರಿನಲಿನ್‌ನಂಥ ರಾಸಾಯನಿಕಗಳನ್ನು ತಣ್ಣಗಾಗಿಸುವುದು. ವೆನಿಲ್ಲಾ ಬೆಲೆ ಬಿದ್ದ ದಿನ ನಮ್ಮ ಬೆಳೆಗಾರರೆಲ್ಲರೊಳಗೂ ಇದೇ ಕಿಣ್ವ ಓವರ್‌ಟೈಮ್ ಮಾಡಿರಬೇಕು. ಯೀಸ್ಟಿನೊಳಗೆ ಅದು ಅಣುವಿನ ಮೂಲೆಗೊಂದು ಮೀಥೈಲ್ ಅಂಟಿಸಿ ವೆನಿಲಿನ್ ಮಾಡಿ ಮುಗಿಸುತ್ತದೆ.

ಆದರೆ ವೆನಿಲಿನ್ ಸೂಕ್ಷ್ಮಾಣುಗಳಿಗೆ ವಿಷ. ಕೆಲಸದವರು ತಾವು ಮಾಡಿದ ಸರಕಿನಿಂದಲೇ ಸಾಯುತ್ತಾರೆ. ಸಾಯುವ ಮೊದಲು ಬುದ್ಧಿವಂತಿಕೆಯನ್ನೂ ತೋರಿಸುತ್ತಾರೆ: ಯೀಸ್ಟ್ ತನ್ನದೊಂದು ಹಳೆಯ ಕಿಣ್ವ ಬಳಸಿ ವೆನಿಲಿನ್ ಅನ್ನು ಕೆಲಸಕ್ಕೆ ಬಾರದ ಮದ್ಯವಾಗಿ ಬದಲಿಸಿಬಿಡುತ್ತದೆ. ಆ ಹಳೆಯ ಕಿಣ್ವದ ಜೀನನ್ನು ತೆಗೆದರು. ಜೊತೆಗೆ ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಿಂದ ನಾಲ್ಕನೆಯ ಕಿಣ್ವ ತಂದು, ಹುಟ್ಟಿದ ವೆನಿಲಿನ್‌ಗೆ ಗ್ಲುಕೋಸ್ ಅಂಟಿಸಿದರು. ಹಾಗೆ ಅಂಟಿದ್ದು ವಿಷವಲ್ಲ. ಬಳ್ಳಿ ತನ್ನ ಹಸಿ ಕೋಡಿನಲ್ಲಿ ಮೊದಲಿನಿಂದಲೂ ಮಾಡುತ್ತಿದ್ದ ಉಪಾಯ ಇದೇ. ಇಷ್ಟೆಲ್ಲ ಓದಿದವರು ಕೊನೆಗೆ ಬಂದು ನಿಂತದ್ದು ಬಳ್ಳಿಯ ಮುಂದೆ.

ಫಲ? ಮೊದಲ ಪ್ರಯತ್ನದಲ್ಲಿ ಲೀಟರಿಗೆ 65 ಮಿಲಿಗ್ರಾಂ. ಒಂದು ಕಿಲೋ ವೆನಿಲಿನ್‌ಗೆ ಹದಿನೈದು ಸಾವಿರ ಲೀಟರಿಗಿಂತ ಹೆಚ್ಚು ಸಾರು ಬೇಕು. ಬೇಸಗೆಯಲ್ಲಿ ಒಂದು ಟ್ಯಾಂಕರ್ ನೀರಿಗೆ ಫೋನು ಮಾಡಿ ಕಾಯುವವರು ಈ ಲೆಕ್ಕ ನೋಡಿ ಎದೆಗುಂದಬಾರದು. ಮುಂದಿನ ಹಂತ ಇರುವುದು ಅದಕ್ಕೇ.

ಹಂತ 4: ಕಿಣ್ವವನ್ನು ಹದಕ್ಕೆ ತರುವುದು

ಹೊರಗಿನಿಂದ ತಂದ ಕಿಣ್ವ ಯೀಸ್ಟಿನೊಳಗೆ ಅರೆಮನಸ್ಸಿನಿಂದ ದುಡಿಯುವುದುಂಟು. ಅದನ್ನು ತಿದ್ದುವ ಕ್ರಮಕ್ಕೆ ಅಮೆರಿಕದ ಫ್ರಾನ್ಸೆಸ್ ಆರ್ನಲ್ಡ್ ಅವರಿಗೆ 2018ರ ರಸಾಯನಶಾಸ್ತ್ರದ ನೊಬೆಲ್‌ನ ಅರ್ಧ ಪಾಲು ಬಂತು. ಕ್ರಮ ಕೇಳಲು ಸರಳ. ಜೀನಿನ ಪ್ರತಿ ಮಾಡುವಾಗ ಬೇಕೆಂದೇ ತಪ್ಪು ನುಸುಳಿಸಿ. ಸಾವಿರಾರು ತಪ್ಪು ಪ್ರತಿಗಳಿಂದ ಸಾವಿರಾರು ಕಿಣ್ವ ಮಾಡಿಸಿ. ಹೆಚ್ಚಿನವು ಕೆಟ್ಟಿರುತ್ತವೆ, ಒಂದೆರಡು ಮೊದಲಿಗಿಂತ ಚುರುಕಾಗಿರುತ್ತವೆ. ಅವನ್ನೇ ಇಟ್ಟುಕೊಂಡು ಮತ್ತೆ ತಪ್ಪು ಮಾಡಿ.

ಇದು ವಿಟ್ಲದವರಿಗೆ ಅರ್ಥವಾಗದ ಮಾತಲ್ಲ. ಅಲ್ಲಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ (ಸಿಪಿಸಿಆರ್‌ಐ) ಊರೂರಿನ ಅಡಿಕೆ ತಂದು ನೆಟ್ಟು, ಒಳ್ಳೆಯ ತಾಯಿಮರ ಆರಿಸಿ 1972ರಲ್ಲಿ ‘ಮಂಗಳ’ ತಳಿ ಬಿಟ್ಟಿತು. ಅದರ ಮೂಲ ಚೀನಾ. ವ್ಯತ್ಯಾಸ ಇಷ್ಟೇ: ಅಡಿಕೆಯ ಒಂದು ತಲೆಮಾರು ನೋಡಲು ಐದಾರು ವರ್ಷ, ಬ್ಯಾಕ್ಟೀರಿಯಾದ ತಲೆಮಾರಿಗೆ ಅರ್ಧ ಗಂಟೆ.

ಬೇಕಾಗುವ ಸಾಮಾನು

ಸ್ಟೇನ್‌ಲೆಸ್ ಸ್ಟೀಲಿನ ಫರ್ಮೆಂಟರ್ ಒಂದು. ಒಳಗೆ ಕಲಕುವ ರೆಕ್ಕೆ, ಶುದ್ಧ ಗಾಳಿ ಊದುವ ಕೊಳವೆ, ಹುಳಿ ಅಳೆಯುವ ಕಡ್ಡಿ, ನೊರೆ ಇಳಿಸುವ ಎಣ್ಣೆ. ಬಳಸುವ ಮೊದಲು 121 ಡಿಗ್ರಿಯ ಆವಿಯಲ್ಲಿ ಬೇಯಿಸಬೇಕು. ಅಡುಗೆಮನೆಯ ಕುಕ್ಕರ್ ಪೂರ್ತಿ ಒತ್ತಡದಲ್ಲಿ ಮುಟ್ಟುವ ಶಾಖವೂ ಸುಮಾರು ಅಷ್ಟೇ. ಆದರೆ ಹತ್ತು ಸಾವಿರ ಲೀಟರಿನ ಕುಕ್ಕರ್ ಬಿ.ಸಿ. ರೋಡಿನ ಪಾತ್ರೆ ಅಂಗಡಿಯಲ್ಲಿ ಸಿಗುವುದಿಲ್ಲ. ಸಕ್ಕರೆ ಬೇಕು. ನಮ್ಮಲ್ಲಿ ಕಬ್ಬಿಲ್ಲ, ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳಾದವು. ಘಟ್ಟದ ಮೇಲಿಂದ ತರಿಸಿ.

ಶೆಡ್ಡಿನಲ್ಲಿ ಶುರುಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಮಾಡಬಹುದು, ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಕೋರಮಂಗಲದ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಬಯೋಕಾನ್ ಶುರುಮಾಡಿದರು. ಮೊದಲ ಸರಕುಗಳಲ್ಲಿ ಒಂದು ಪಪ್ಪಾಯಿಯ ಕಿಣ್ವ ಪಪೈನ್. ಕಾಯಿ ಗೀರಿದಾಗ ಒಸರುವ ಬಿಳಿ ಹಾಲು ಅದರ ಮೂಲ. ಗಟ್ಟಿ ಮಾಂಸ ಬೇಯಲೆಂದು ನಮ್ಮವರು ಬಪ್ಪಂಗಾಯಿಯ ಹೋಳು ಹಾಕುತ್ತಾರಲ್ಲ, ಅದರಲ್ಲಿ ದುಡಿಯುವುದೂ ಈ ಪಪೈನೇ. ಹೊರದೇಶದ ಬಿಯರ್ ತಯಾರಕರು ಬಿಯರ್ ಮಬ್ಬಾಗದಿರಲು ಅದನ್ನು ಕೊಂಡರು. ಆಮೇಲೆ ಕಂಪೆನಿ ಮರ ಬಿಟ್ಟು ಬೂಷ್ಟು ಹಿಡಿಯಿತು, ತಟ್ಟೆಗಳಲ್ಲಿ ಘನ ಪದಾರ್ಥದ ಮೇಲೆ ಅದನ್ನು ಬೆಳೆಸಿ ಕಿಣ್ವ ತೆಗೆಯುವ ಯಂತ್ರವನ್ನೇ ರೂಪಿಸಿತು. 2007ರಲ್ಲಿ ಆ ಇಡೀ ಕಿಣ್ವದ ವ್ಯಾಪಾರವನ್ನು ಡೆನ್ಮಾರ್ಕಿನ ನೊವೊಜೈಮ್ಸ್‌ಗೆ 11.5 ಕೋಟಿ ಡಾಲರಿಗೆ ಮಾರಿ, ಔಷಧದ ಕಡೆ ಹೊರಟುಹೋಯಿತು. ಗ್ಯಾರೇಜಿನಿಂದ ಹೊರಟವರು ಕಿಣ್ವದಲ್ಲೇ ಉಳಿಯಲಿಲ್ಲ ಎಂಬುದನ್ನು ಶೆಡ್ಡು ಕಟ್ಟುವವರು ಗಮನಿಸಬೇಕು.

ಅನುಮತಿ

ಜೀನು ತಿದ್ದಿದ ಸೂಕ್ಷ್ಮಾಣುಗಳಿಗೆ 1989ರ ಕೇಂದ್ರ ನಿಯಮಗಳು ಅನ್ವಯಿಸುತ್ತವೆ. ಅವುಗಳ ಪ್ರಕಾರ ಸಂಸ್ಥೆಯೊಳಗೊಂದು ಸಮಿತಿ, ದೆಹಲಿಯಲ್ಲಿ ಮೂರು ಸಮಿತಿ, ರಾಜ್ಯಕ್ಕೊಂದು, ಜಿಲ್ಲೆಗೊಂದು ಸಮಿತಿ. ಜಿಲ್ಲೆಯದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಗಡಿ ತಕರಾರು, ನೆರೆ ಪರಿಹಾರದ ಕಡತಗಳ ನಡುವೆ ನಿಮ್ಮ ಯೀಸ್ಟಿನ ಕಡತ ಇರುತ್ತದೆ. ಅರ್ಜಿಯ ಜೊತೆ ಆರ್‌ಟಿಸಿ ಲಗತ್ತಿಸಬೇಕಾಗಿಲ್ಲ. ಒಂದು ಪ್ರತಿ ಕಿಸೆಯಲ್ಲಿರಲಿ.

ದೋಷ ಮತ್ತು ಪರಿಹಾರ

ನೊರೆ ಮೇಲೆ ಬಂತು: ಎಣ್ಣೆ ಹಾಕಿ. ಹೆಚ್ಚು ಹಾಕಿದರೆ ಗಾಳಿ ಕರಗುವುದು ಕಡಿಮೆಯಾಗಿ ಕೆಲಸದವರು ಉಸಿರು ಕಟ್ಟುತ್ತಾರೆ.

ಕರೆಂಟು ಹೋಯಿತು: ದಟ್ಟವಾಗಿ ಬೆಳೆದ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಮುಗಿಯಲು ನಿಮಿಷವೂ ಬೇಕಾಗಿಲ್ಲ. ಜನರೇಟರ್ ಇಡಿ. ಮಳೆಗಾಲದಲ್ಲಿ ಎರಡು ಇಡಿ.

ಟ್ಯಾಂಕು ಬಿಸಿಯಾಗುತ್ತಿದೆ: ದುಡಿಯುವ ಯೀಸ್ಟ್ ಶಾಖ ಬಿಡುತ್ತದೆ, ಆದರೆ ತಾನಿರಬೇಕಾದ್ದು 30 ಡಿಗ್ರಿಯಲ್ಲಿ. ಏಪ್ರಿಲಿನಲ್ಲಿ ನಮ್ಮ ಜಗಲಿಯೇ ಅದಕ್ಕಿಂತ ಬಿಸಿ. ತಂಪು ಮಾಡುವ ಖರ್ಚು ಸಕ್ಕರೆಯ ಖರ್ಚನ್ನು ಕೆಣಕುತ್ತದೆ.

ವಾಸನೆ ವೆನಿಲ್ಲಾದ್ದಲ್ಲ, ಹುಳಿ ಗಂಜಿಯದು: ಹೊರಗಿನವರು ನುಗ್ಗಿದ್ದಾರೆ. ಪೂರ್ತಿ ಚೆಲ್ಲಿ. ಹಳ್ಳಕ್ಕೆ ಚೆಲ್ಲಬೇಡಿ, ಮೊದಲು ಬೇಯಿಸಿ ಕೊಲ್ಲಿ, ಮೇಲಿನ ಸಮಿತಿಗಳು ಇರುವುದು ಇದಕ್ಕೇ.

ಎಲ್ಲವೂ ಸರಿಯಿದೆ, ಆದರೂ ನಷ್ಟ: ಮುಂದಿನ ಭಾಗ ನೋಡಿ.

ಬದಲಿ ಕಚ್ಚಾವಸ್ತು

ಸಕ್ಕರೆ ದುಬಾರಿಯಾದರೆ ಪ್ಲಾಸ್ಟಿಕ್ ಬಾಟಲಿ ಬಳಸಬಹುದು. ತಮಾಷೆಯಲ್ಲ. 2021ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಜೊಆನಾ ಸ್ಯಾಡ್ಲರ್ ಮತ್ತು ಸ್ಟೀಫನ್ ವಾಲೆಸ್, ಪೆಟ್ ಬಾಟಲಿಯನ್ನು ಒಡೆದಾಗ ಸಿಗುವ ಟೆರಿಫ್ತಾಲಿಕ್ ಆಮ್ಲವನ್ನು ಜೀನು ತಿದ್ದಿದ ಇ. ಕೋಲೈ ಬ್ಯಾಕ್ಟೀರಿಯಾದಿಂದ ವೆನಿಲಿನ್ ಮಾಡಿಸಿದರು. ನೂರಕ್ಕೆ 79ರಷ್ಟು ಬದಲಾಯಿತು. ಆ ಆಮ್ಲದ ತಾಯಿ ಪ್ಯಾರಾಕ್ಸಿಲೀನ್, ಅದು ತಯಾರಾಗುವುದು ನಮ್ಮ ಮಂಗಳೂರಿನ ಪೆಟ್ರೋಕೆಮಿಕಲ್ ಘಟಕದಲ್ಲಿ. ಮಂಗಳೂರಿನಲ್ಲಿ ಹುಟ್ಟಿ, ಬಾಟಲಿಯಾಗಿ ಊರು ಸುತ್ತಿ, ಧರ್ಮಸ್ಥಳದ ದಾರಿಯ ಚರಂಡಿಯಲ್ಲಿ ಬಿದ್ದು, ಕೊನೆಗೆ ಐಸ್‌ಕ್ರೀಮಿನ ಪರಿಮಳ. ಸದ್ಯಕ್ಕೆ ಇದು ಪ್ರಯೋಗಶಾಲೆಯ ಮಾತು.

ಮಾರಾಟ

ಮೊದಲ ಹಂತದಲ್ಲಿ ಗೆರೆ ಎಳೆದ ಜಾಗಕ್ಕೆ ಮರಳಿ ಬನ್ನಿ. ಪೆಟ್ರೋಲಿಯಂನ ವೆನಿಲಿನ್ ಅಗ್ಗ. ನಿಮ್ಮ ಟ್ಯಾಂಕಿನದು ಅದರ ಹಲವು ಪಟ್ಟು ದುಬಾರಿ. ಅಣು ಒಂದೇ, ಮೂಗಿಗೆ ವ್ಯತ್ಯಾಸವಿಲ್ಲ. ಹಾಗಾದರೆ ಕೊಳ್ಳುವವರು ಯಾರು? ಅಮೆರಿಕದ, ಯೂರೋಪಿನ ಕಾನೂನಿನಲ್ಲಿ ಹುದುಗಿಸಿ ತೆಗೆದ ಪರಿಮಳಕ್ಕೆ ‘ನೈಸರ್ಗಿಕ’ ಎಂದು ಬರೆದುಕೊಳ್ಳುವ ಅವಕಾಶವಿದೆ. ಪೆಟ್ರೋಲಿಯಂನದಕ್ಕೆ ಇಲ್ಲ. ಆ ಲೇಬಲ್ ಬೇಕಾದವರು ನಿಮ್ಮ ಗಿರಾಕಿಗಳು. ಟ್ಯಾಂಕಿನಿಂದ ಹೊರಬಂದು ಮಾರಾಟವಾಗುವುದು ಪರಿಮಳಕ್ಕಿಂತ ಹೆಚ್ಚಾಗಿ ಆ ಲೇಬಲ್ಲೇ. ಸಗಣಿಯ ಬೂಷ್ಟು, ಮಣ್ಣಿನ ಬ್ಯಾಕ್ಟೀರಿಯಾ, ಮನುಷ್ಯನ ಜೀನು ಎಲ್ಲ ಸೇರಿ ಅಷ್ಟು ಕಷ್ಟಪಟ್ಟದ್ದು ಅದಕ್ಕಾಗಿ.

ಸೂಕ್ಷ್ಮಾಣುಗಳು ಎಲ್ಲ ಕಡೆ ಸೋತಿವೆ ಎಂದಲ್ಲ. ಜಪಾನಿನಲ್ಲಿ 1985ರಿಂದ ಅಕ್ರಿಲಮೈಡ್ ಎಂಬ ಕೈಗಾರಿಕಾ ರಾಸಾಯನಿಕವನ್ನು ರೋಡೊಕಾಕಸ್‌ನಂಥ ಬ್ಯಾಕ್ಟೀರಿಯಾದ ಕಿಣ್ವ ಮಾಡುತ್ತಿದೆ. ಅಂಥ ಕಿಣ್ವವನ್ನು ಮೊದಲು ಗುರುತಿಸಿದ್ದು ಕ್ಯೋಟೊದ ಹಿದೆಆಕಿ ಯಮಾದಾ ಅವರ ತಂಡ. ಅಮೆರಿಕದ ಟೆನೆಸಿಯಲ್ಲಿ 2006ರಿಂದ ಇ. ಕೋಲೈ ಮೆಕ್ಕೆಜೋಳದ ಸಕ್ಕರೆಯಿಂದ ಮಾಡುವ ಪ್ರೊಪೇನ್‌ಡಯಾಲ್ ಕಾರ್ಪೆಟ್ಟಿನ ನೂಲಾಗುತ್ತಿದೆ. ಇವು ಲೇಬಲ್ಲಿನ ಹಂಗಿಲ್ಲದೆ ಕೆಲಸದಿಂದಲೇ ಗೆದ್ದವು. ಹಳೆಯ ರಾಸಾಯನಿಕ ಕ್ರಮಕ್ಕಿಂತ ಕಿಣ್ವದ ಕ್ರಮದಲ್ಲಿ ಶಾಖ ಕಡಿಮೆ, ಕಸ ಕಡಿಮೆ. ಪರಿಮಳದ ವ್ಯಾಪಾರ ಅಷ್ಟು ನೇರವಲ್ಲ. ಮಡಗಾಸ್ಕರಿನಲ್ಲಿ ಗಾಳಿ ಎದ್ದರೆ ಟ್ಯಾಂಕಿನವರಿಗೆ ಹಬ್ಬ, ಅಲ್ಲಿ ಒಳ್ಳೆಯ ಬೆಳೆ ಬಂದರೆ ಉಪವಾಸ. 2017ರಲ್ಲಿ ಎನಾವೊ ಚಂಡಮಾರುತದ ನಂತರ ಒಣ ಕೋಡು ಕಿಲೋಗೆ 600 ಡಾಲರ್ ಆಸುಪಾಸಿಗೆ ಏರಿತು. ಆಮೇಲೆ ಮತ್ತೆ ಇಳಿಯಿತು. ಈ ಏರಿಳಿತ ನಮಗೆ ಹೊಸತಲ್ಲ.

ಖಾತರಿ

ಈ ಉತ್ಪನ್ನಕ್ಕೆ ಖಾತರಿಯಿಲ್ಲ. ಸಕ್ಕರೆಯಿಂದ ವೆನಿಲಿನ್ ಮಾಡುವ ಯೀಸ್ಟನ್ನು 2014ರಲ್ಲಿ ಮಾರುಕಟ್ಟೆಗೆ ತಂದದ್ದು ಸ್ವಿಟ್ಜರ್ಲೆಂಡಿನ ಇವೊಲ್ವಾ. ‘ನೈಸರ್ಗಿಕ ಅಲ್ಲ’ ಎಂದು ಪರಿಸರವಾದಿಗಳು ಅದರ ಮೇಲೆ ಮುಗಿಬಿದ್ದರು. ಮಡಗಾಸ್ಕರಿನ ಬಡ ಬೆಳೆಗಾರರ ಹೊಟ್ಟೆಗೆ ಹೊಡೆಯುತ್ತದೆ ಎಂದರು. ಆ ಕಂಪೆನಿ 2023ರ ಕೊನೆಗೆ ತನ್ನ ವ್ಯವಹಾರವನ್ನು ಯೀಸ್ಟ್ ಮಾರುವ ಲಾಲಮಾಂಡ್ ಬಳಗಕ್ಕೆ ಮಾರಿ ಕೈತೊಳೆದುಕೊಂಡಿತು. ಅದೇ ವರ್ಷ ಮಡಗಾಸ್ಕರ್ ಸರಕಾರ ತಾನು ಕಟ್ಟಿದ್ದ ಕನಿಷ್ಠ ರಫ್ತು ಬೆಲೆಯನ್ನು ಬಿಟ್ಟುಕೊಟ್ಟಿತು. ಬಳ್ಳಿಯವರನ್ನು ಮುಳುಗಿಸುತ್ತಾರೆ ಎಂಬ ಹೆದರಿಕೆ ಹುಟ್ಟಿಸಿದ್ದ ಟ್ಯಾಂಕಿನವರೂ ಮುಳುಗಿದರು. ನಮ್ಮವರು 2004ರ ನಂತರ ಮುಳುಗಿದ್ದು ಸೂಕ್ಷ್ಮಾಣುವಿನಿಂದಲ್ಲ, ಪೆಟ್ರೋಲಿಯಂನಿಂದ. ಟ್ಯಾಂಕಿನವರ ಎದುರಾಳಿಯೂ ಅದೇ.

ಆದ್ದರಿಂದ ಮುಂದಿನ ಸಲ ಯಾರಾದರೂ ಹೊಸದೊಂದು ಗಿಡವನ್ನೋ ಬಳ್ಳಿಯನ್ನೋ ಬಣ್ಣದ ಪಟದ ಜೊತೆ ಮನೆಬಾಗಿಲಿಗೆ ತಂದರೆ, ಕೂರಿಸಿ, ನೀರು ಬೆಲ್ಲ ಕೊಟ್ಟು, ಒಂದೇ ಪ್ರಶ್ನೆ ಕೇಳಿ: ‘ಇದಕ್ಕೆ ಬೆಲೆ ಬರುವುದು ಒಂದೇ ಒಂದು ಅಣುವಿನಿಂದಲೋ?’ ಹೌದು ಎಂದರೆ, ಆ ಅಣುವನ್ನು ಬೇರೆ ಯಾರು, ಯಾವುದರಿಂದ, ಎಷ್ಟಕ್ಕೆ ಮಾಡುತ್ತಿದ್ದಾರೆಂದು ತಿಳಿದ ಮೇಲೆ ಗುಂಡಿ ತೋಡಿ, ಮಾರಾಯ್ರೆ.